ನೇಣಿನ ಕಟ್ಟೆಯವನಿಗೊಂದು ಎಲೆ

ನಮ್ಮೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ, ಎಸ್ಟೇಟಿನ ಬೇಲಿ ಮುಗಿಯುವಲ್ಲಿ, ಒಂದು ಕಲ್ಲುಕಟ್ಟೆ ಇದೆ. ಹಿಂದೆ ಅಲ್ಲೇ ಸಂತೆ ಸೇರುತ್ತಿತ್ತಂತೆ. ಅಪರಾಧಿಗಳನ್ನು ನೇಣಿಗೆ ಹಾಕುತ್ತಿದ್ದುದೂ ಅಲ್ಲೇ, ಅದೂ ಸಂತೆಯ ದಿನವೇ, ಜನ ನೋಡಿ ಹೆದರಲಿ ಎಂದು. ಇಳಿಸಿದ ಹೆಣಕ್ಕೆ ಹೊದಿಸಲು ಬಟ್ಟೆ ಕೊಡುವವರು ಇರುತ್ತಿರಲಿಲ್ಲ. ದಾರಿಹೋಕರೇ ಒಂದೊಂದು ಹಸಿರು ಟೊಂಗೆ ಮುರಿದು ಮೇಲೆ ಹಾಕಿ ಹೋಗುತ್ತಿದ್ದರು. ಸಂತೆ ಬೇರೆಡೆಗೆ ಹೋಯಿತು, ನೇಣು ನಿಂತಿತು, ಸೊಪ್ಪು ಹಾಕುವುದು ಮಾತ್ರ ನಿಲ್ಲಲಿಲ್ಲ. ಯಾಕೆಂದು ಮರೆತವರು ಅದನ್ನು ದೇವರ ಕಟ್ಟೆ ಮಾಡಿಕೊಂಡರು. ಈಗ ಘಾಟಿ ಹತ್ತಿಳಿಯುವ ಜೀಪಿನವರು, ಲಾರಿಯವರು ಅಲ್ಲಿ ಸೊಪ್ಪು ಹಾಕಿ ಕೈಮುಗಿಯದೆ ಮುಂದೆ ಹೋಗುವುದಿಲ್ಲ.

ಅಲ್ಲಿ ನೇಣಿಗೇರಿದವರಲ್ಲಿ ಎಷ್ಟೋ ತಲೆಮಾರಿನ ಹಿಂದಿನ ನಮ್ಮ ಮನೆಯವನೂ ಒಬ್ಬ. ಏನು ತಪ್ಪು ಮಾಡಿದ್ದನೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಕಳ್ಳ ಎಂದು ತೀರ್ಮಾನಿಸಲು ನಮ್ಮ ಮನೆಯ ಗಂಡಸರಿಗೆ ಯಾವ ಅಡ್ಡಿಯೂ ಆಗಲಿಲ್ಲ! ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆಲ್ಲ ಬಾಳೆ ಎಲೆ ಹಾಸಿ, ಕಡುಬು, ಕೋಳಿಸಾರು ಬಡಿಸಿ ಎಡೆ ಇಡುತ್ತೇವೆ. ಅವನಿಗೊಬ್ಬನಿಗೆ ಎಲೆ ಇರಲಿಲ್ಲ.

ಇದು ನನ್ನ ಸೋದರತ್ತೆಗೆ ಹುಡುಗಿಯಾಗಿದ್ದಾಗಿನಿಂದ ಕೊರೆಯುತ್ತಿದ್ದ ಸಂಗತಿ. ಕಳಸದ ಕಡೆಗೆ ಮದುವೆಯಾಗಿ ಹೋದಮೇಲೂ ಪ್ರತಿ ವರ್ಷ ಈ ಅಮಾವಾಸ್ಯೆಗೆ ಬಂದು ದೊಡ್ಡಪ್ಪನ ಹತ್ತಿರ ಇದೇ ಜಗಳ ತೆಗೆಯುತ್ತಿದ್ದರು. ಹೋದ ವರ್ಷ ಎದೆಯ ಆಪರೇಷನ್ ಮಾಡಿಸಿಕೊಂಡು ಬಂದವರು, "ನಾನು ಕಣ್ಣು ಮುಚ್ಚೋದ್ರೊಳಗೆ ಅವ್ರ ಎಲೆ ನೋಡ್ಬೇಕು ಅಣ್ಣಯ್ಯ" ಎಂದರು. ದೊಡ್ಡಪ್ಪ ಜಗ್ಗಲಿಲ್ಲ. "ನೇಣು ಬಿದ್ದೋನನ್ನ ಮನೆಯೊಳಗೆ ಕರಿಯೋಕಾಗುತ್ತಾ? ಸುಮ್ನಿರು ಮಾರಾಯ್ತಿ" ಎಂದು ಬಾಯಿ ಮುಚ್ಚಿಸಿದರು.

ಆ ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡಪ್ಪ, ಅತ್ತೆ, ನಾನು ಮೂವರೂ ಪೇಟೆಗೆ ಹೋಗಿ ಸಾಮಾನು ತರುತ್ತಿದ್ದೆವು. ಕಟ್ಟೆಯ ಹತ್ತಿರ ಬಂದದ್ದೇ ದೊಡ್ಡಪ್ಪ ಎಂದಿನಂತೆ ಜೀಪು ನಿಲ್ಲಿಸಿ, ಟೊಂಗೆ ಮುರಿದು ಹಾಕಿ, ಕಣ್ಣು ಮುಚ್ಚಿ ಕೈಮುಗಿದರು. ಅತ್ತೆ ಕೂತಲ್ಲಿಂದಲೇ ಕೇಳಿದರು.

"ಯಾರಿಗೆ ಕೈ ಮುಗ್ದೆ?"

"ಕಟ್ಟೆಗೆ."

"ಕಟ್ಟೇಲಿ ಇರೋರು ಯಾರು?"

ದೊಡ್ಡಪ್ಪ ಬಂದು ಜೀಪಿನ ಕೀಲಿ ತಿರುಗಿಸಿದರು. ನನಗೆ ಹಿಂದಿನ ಸೀಟಿನಲ್ಲಿ ನಗು ತಡೆಯಲಾಗಲಿಲ್ಲ.

"ಘಾಟೀಲಿ ನಿನ್ನ ಜೀಪು ಕಾಯೋಕೆ ಅವ್ರು ಬೇಕು. ಊಟಕ್ಕೆ ಕರಿಯೋಕೆ ಮಾತ್ರ ಕಳ್ಳ" ಎಂದರು ಅತ್ತೆ. "ಕಳ್ಳನೇ ಆಗಿರ್ಲಿ, ನಮ್ಮನೆ ಕಳ್ಳ. ಅವ್ರಿಗೆ ಹಸಿವಾಗಲ್ವಾ?"

ಎಡೆ ಇಡುವ ಹೊತ್ತಿಗೆ ದೊಡ್ಡಪ್ಪ ಯಾರೂ ಹೇಳದೆಯೇ ಇನ್ನೊಂದು ಎಲೆ ಹಾಸಿ ತಾವೇ ಬಡಿಸಿದರು. ಹೆಸರು ತಿಳಿಯದೆ ಕ್ಷಣ ತಡವರಿಸಿ, "ಕಟ್ಟೆ ಅಜ್ಜಯ್ಯ, ನೀವೂ ಬನ್ನಿ" ಎಂದು ಕರೆದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನಂತೂ ಕುಣಿಯುವುದೊಂದು ಬಾಕಿ.

ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಕೋಳಿಸಾರಿನ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಎಂದಿನಷ್ಟು ಹೊತ್ತಾದ ಮೇಲೆ ದೊಡ್ಡಪ್ಪ ಬಾಗಿಲು ತೆಗೆಯಲು ಎದ್ದರು. ಅತ್ತೆ ಅವರ ಕೈ ಹಿಡಿದು ಕೂರಿಸಿದರು.

"ಇರು ಮಾರಾಯ. ಎಷ್ಟು ತಲೆಮಾರಿನ ಹಸಿವು ಅದು! ನಿಧಾನ ಉಣ್ಲಿ."

ದೊಡ್ಡಪ್ಪ ಕೂತರು. ಆವತ್ತು ನಾವೆಲ್ಲ ಬಹಳ ಹೊತ್ತು ಹಸಿದುಕೊಂಡೇ ಕಾದೆವು.