ಸೂಜಿ ಯಾವ ಕೈಗೆ?

ಮರಿಮಗಳು ಕೊರೋನಾ ಲಸಿಕೆ ಹಾಕಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಅವಳ ತೋಳಿನ ಸ್ಪಿರಿಟ್ ವಾಸನೆ ನನ್ನನ್ನು ಕುಂದಾಣದ ನಮ್ಮ ಹೊಲಕ್ಕೆ ಎಳೆದೊಯ್ದಿತು.

ನಾನಾಗ ಹುಡುಗಿ. ಪ್ಲೇಗಿಗೆ ಹೆದರಿ ಊರಿನವರೆಲ್ಲ ಮನೆಗೆ ಬೀಗ ಹಾಕಿ, ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಕಟ್ಟಿಕೊಂಡಿದ್ದೆವು. ನಮ್ಮ ಗುಡಿಸಲಿನಲ್ಲಿ ರಾಗಿ ಮೂಟೆಗೆ ಒರಗಿಸಿದ ನನ್ನ ವೀಣೆಯೂ ಇತ್ತು. ಆ ಸುತ್ತಿನ ಒಕ್ಕಲು ಮನೆಗಳಲ್ಲಿ ವೀಣೆ ಹಿಡಿದವಳು ನಾನೊಬ್ಬಳೇ. ಬೆಂಗಳೂರಿನಲ್ಲಿ ವೀಣೆ ಪರೀಕ್ಷೆ ಹತ್ತಿರವಾಗಿತ್ತು. ಪ್ಲೇಗಿನ ಸೂಜಿ ಹಾಕಿಸಿಕೊಳ್ಳದವರನ್ನು ಒಳಗೆ ಬಿಡುವುದಿಲ್ಲ ಎಂದಿದ್ದರು. ಆ ಸೂಜಿಗೆ ತೋಳು ದಿನಗಟ್ಟಲೆ ಊದಿಕೊಳ್ಳುತ್ತಿತ್ತು.

ಡಾಕ್ಟರು ಬಂದಾಗ, ಪಾಠಕ್ಕೆ ಬಂದಿದ್ದ ನನ್ನ ಸಂಗೀತದ ಮೇಷ್ಟ್ರು ಅಡ್ಡ ನಿಂತರು. "ಎಡಗೈಗೆ ಬೇಡ ಸ್ವಾಮಿ. ತಂತಿ ಒತ್ತಿ ಎಳೆಯೋ ಕೈ ಅದು."

"ಬಲಗೈಗೆ ಹಾಕಿದ್ರೆ ಉಣ್ಣೋದೆಂಗೆ? ಹೆಣ್ಣುಮಗಳು ಎಡಗೈಲಿ ಉಣ್ತಾಳಾ?" ಎಂದರು ಅವ್ವ.

"ಬೇಗ ಹೇಳ್ರಪ್ಪಾ, ಇವಳಿಗೆ ಮೂರನೇ ಕೈ ಇಲ್ಲ," ಎಂದರು ಡಾಕ್ಟರು.

"ಬಲಗೈಗೇ ಹಾಕಿ. ಉಣ್ಸಕ್ಕೆ ನಾನಿದೀನಿ," ಎಂದರು ಅಪ್ಪ.

ತಾವು ಉಂಡ ತಟ್ಟೆಯನ್ನೂ ಎತ್ತಿಡದ ಅಪ್ಪ, ಅಂದಿನಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟರು. "ನುಂಗು. ಹೊತ್ತಾಯ್ತು, ಬಾರಿಸು ನಡಿ," ಎನ್ನುವರು. ಪರೀಕ್ಷೆಯಲ್ಲಿ ಊದಿದ ತೋಳನ್ನು ಅಲುಗಿಸದೆ ಬೆರಳಿನಿಂದಷ್ಟೇ ಮೀಟಿದೆ. ಪಾಸಾದೆ. ಫೇಲಾಗುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಮರಿಮಗಳಿಗೂ ನಾಳೆ ವೀಣೆ ಪರೀಕ್ಷೆ, ಫೋನಿನಲ್ಲಿ. ಬಲಗೈಗೇ ಹಾಕಿಸಿ ಎಂದು ನಾನೇ ಹೇಳಿ ಕಳಿಸಿದ್ದೆ. ಊಟಕ್ಕೆ ಕುಳಿತರೆ ಅವಳ ತೋಳು ಏಳಲಿಲ್ಲ. ಅವಳಪ್ಪ ಚಮಚ ತರಲು ಎದ್ದ.

"ಚಮಚ ಯಾಕೋ? ಕೈ ತೊಳ್ಕೊಂಡು ಬಾ," ಎಂದೆ.