ಬುಧವಾರದ ಟೀಚರ್

ಬೆಳಿಗ್ಗೆ ಏಳು ಗಂಟೆ. ನಮ್ಮ ಯಜಮಾನರು ಮೇಟಗಳ್ಳಿಯ ಫ್ಯಾಕ್ಟರಿಗೆ ಹೊರಡುವ ಮೊದಲು ಕಾಫಿ ಕುಡಿಯುತ್ತಿದ್ದರು. ಲೋಟ ಕೈಯಿಂದ ಜಾರಿತು. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆಲ್ಲ ಕಾಫಿ. ಬೈಯಲೆಂದೇ ನಾನು ಅಡುಗೆಮನೆಯಿಂದ ಆಚೆ ಬಂದೆ. ಅವರು ನನ್ನನ್ನು ನೋಡಿ "ಚಪ್ಲಿ" ಅಂದರು. ಮತ್ತೆ "ಚಪ್ಲಿ, ಚಪ್ಲಿ" ಅಂದರು. ಚಪ್ಪಲಿ ತಂದು ಕಾಲ ಬಳಿ ಇಟ್ಟೆ. ಅದನ್ನು ನೋಡಿ ಅವರು ಅಳತೊಡಗಿದರು.

ಮದುವೆಯಾಗಿ ಇಪ್ಪತ್ತೇಳು ವರ್ಷ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶುಗರ್ ಕಡಿಮೆಯಾಗಿರಬೇಕು ಅಂದುಕೊಂಡೆ. ಸಕ್ಕರೆ ನೀರು ಕುಡಿಸಿದೆ. ಬಾಯಿಯ ಬಲಗಡೆಯಿಂದ ಎಲ್ಲ ಸುರಿದುಹೋಯಿತು. ಮಲಗಿಸಿ ಗಾಳಿ ಹಾಕಿದೆ. ನನ್ನ ಈ ವೈದ್ಯದಲ್ಲೇ ಎರಡು ಗಂಟೆ ಕಳೆಯಿತು. ಪಕ್ಕದ ಮನೆಯವರು ಬಂದು ಅವರ ಬಲಗೈ ಎತ್ತಿ ಬಿಟ್ಟರು. ಅದು ದೊಪ್ಪನೆ ಹಾಸಿಗೆ ಮೇಲೆ ಬಿತ್ತು. ಆಮೇಲೆ ಆಟೋ, ಆಸ್ಪತ್ರೆ, ಎಮರ್ಜೆನ್ಸಿ, ಸಿಟಿ ಸ್ಕ್ಯಾನ್. ಎಷ್ಟು ಗಂಟೆಗೆ ಶುರುವಾಯಿತು ಎಂದು ಡಾಕ್ಟರ್ ಕೇಳಿದರು. ಹೇಳಿದೆ. ಅವರು ತಡವಾಯಿತಲ್ಲ ಎಂಬಂತೆ ಗಡಿಯಾರ ನೋಡಿದರು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸ್ಟ್ರೋಕ್. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಹೋಗಿತ್ತು.

ಜೊತೆಗೆ ಮಾತೂ ಹೋಗಿತ್ತು.

ನಮ್ಮವರನ್ನು ಬಲ್ಲವರಿಗೆ ಮಾತ್ರ ಇದರ ಅರ್ಥ ಪೂರ್ತಿ ಆಗುತ್ತದೆ. ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಅವರ ಕೆಲಸ. ಒಂದು ಬೋಲ್ಟ್ ಕೇಳಲು ಹೋದವರಿಗೂ ಅರ್ಧ ಗಂಟೆ ಮಾತು ಗ್ಯಾರಂಟಿ. ತರಕಾರಿಗೆ ಕಳಿಸಿದರೆ ಕುಂಬಾರಕೊಪ್ಪಲಿನ ಪ್ರತಿ ಬಾಗಿಲಲ್ಲೂ ನಿಂತು ಬರುತ್ತಿದ್ದರು. ಅಷ್ಟರಲ್ಲಿ ಸೊಪ್ಪು ಬಾಡಿರುತ್ತಿತ್ತು. "ಸ್ವಲ್ಪ ಬಾಯಿಗೆ ರೆಸ್ಟ್ ಕೊಡ್ರೀ" ಎಂದು ನಾನು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ.

ಇದಕ್ಕೆ ಅಫೇಸಿಯಾ ಎನ್ನುತ್ತಾರೆ ಎಂದು ಡಾಕ್ಟರ್ ಹೇಳಿದರು. "ನೀವು ಹೇಳೋದು ಅವರಿಗೆ ಅರ್ಥ ಆಗುತ್ತಮ್ಮ. ಹೇಳೋಕೆ ಹೋದ್ರೆ ಪದ ಸಿಗಲ್ಲ, ಇಲ್ಲಾ ಬೇರೆ ಪದ ಬರುತ್ತೆ. ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಸ್ಪೀಚ್ ಥೆರಪಿ ಬಿಡ್ಬೇಡಿ. ಈಗ ವಾಪಸ್ ಬಂದಷ್ಟು ಆಮೇಲೆ ಬರೋದು ಕಷ್ಟ."

ಡಿಸ್ಚಾರ್ಜ್ ಮಾಡುವಾಗ ನರ್ಸ್ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. ಇಂಥ ರೋಗಿಗಳ ಮನೆಗೇ ಬಂದು ನೆರವಾಗುವ ಒಂದು ಸಣ್ಣ ಸಂಸ್ಥೆಯಂತೆ. ಒಂದು ತಿಂಗಳು ನಾನು ಫೋನ್ ಮಾಡಲಿಲ್ಲ. ದಿಕ್ಕಿಲ್ಲದವರಿಗೆ ಮಾಡುವ ಸೇವೆ ಅದು, ನಮಗೇಕೆ, ನಾನಿದ್ದೇನಲ್ಲ ಎಂಬ ಜಂಬ. ಸೀರೆಗೆ ಕುಚ್ಚು ಹಾಕುವುದು ನನ್ನ ಕೆಲಸ. ಒಪ್ಪಿಕೊಂಡಿದ್ದ ಸೀರೆಗಳನ್ನೆಲ್ಲ ಹಾಗೇ ವಾಪಸ್ ಕೊಟ್ಟೆ. ಹಲ್ಲುಜ್ಜಿಸುವುದು, ಸ್ನಾನ, ಕಕ್ಕಸು, ಊಟ, ಮಾತ್ರೆ, ಕೈಕಾಲಿಗೆ ವ್ಯಾಯಾಮ. ಮತ್ತೆ ಮೊದಲಿಂದ. ಒಂದು ದಿನ ಬಚ್ಚಲಲ್ಲಿ ಇಬ್ಬರೂ ಬಿದ್ದೆವು. ಅವರು ನನ್ನ ಮೇಲೆ. ಎತ್ತಲು ನನ್ನಿಂದ ಆಗಲಿಲ್ಲ, ಕೂಗಲು ಅವರಿಂದ ಆಗಲಿಲ್ಲ. ಪಕ್ಕದವರು ಬಂದು ಎಬ್ಬಿಸುವವರೆಗೆ ಹಾಗೇ ಬಿದ್ದಿದ್ದೆವು.

ಮಾರನೇ ದಿನವೇ ಸಂಸ್ಥೆಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಗೋಡೆಗೆ ಸಾಲಾಗಿ ಒರಗಿಸಿದ ವಾಕರ್‌ಗಳು, ವೀಲ್‌ಚೇರ್‌ಗಳು, ಮೂಲೆಯಲ್ಲಿ ದೊಡ್ಡವರ ಡೈಪರ್ ಕಟ್ಟುಗಳು. ರೇಷನ್ ಕಾರ್ಡ್ ಕೇಳುತ್ತಾರೆ ಎಂದು ಹಿಡಿದುಕೊಂಡು ಹೋಗಿದ್ದೆ. ಅಲ್ಲಿದ್ದ ಹೆಂಗಸು ಕೇಳಿದ್ದೇ ಬೇರೆ. "ನೀವು ಎಷ್ಟು ಹೊತ್ತು ನಿದ್ದೆ ಮಾಡ್ತೀರಿ?" ಅಂದರು. ಕಾಯಿಲೆ ಬಂದಾಗಿನಿಂದ ನನ್ನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಗಳಗಳ ಅತ್ತುಬಿಟ್ಟೆ. ಅವತ್ತೇ ವಾಕರ್ ಕೊಟ್ಟು ಕಳಿಸಿದರು. ಮಾತು ಕಲಿಸಲು ಬುಧವಾರ ಒಬ್ಬರನ್ನು ಕಳಿಸುತ್ತೇವೆ ಎಂದರು.

ಹಾಗೆ ಬಂದವರು ವಿಜಯಾ ಟೀಚರ್. ಪ್ರೈಮರಿ ಶಾಲೆಯಿಂದ ರಿಟೈರ್ ಆದವರು, ಸ್ಪೀಚ್ ಥೆರಪಿಸ್ಟ್ ಹತ್ತಿರ ತರಬೇತಿ ಪಡೆದವರು. ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೆ ಬಟ್ಟೆ ಚೀಲ, ಒಂದು ಉದ್ದನೆಯ ನೋಟ್‌ಬುಕ್. ಮೊದಲ ದಿನ ಅವರು ಏನನ್ನೂ ಹೇಳಿ ಎಂದು ಒತ್ತಾಯಿಸಲಿಲ್ಲ. ಬೆರಳು ಮಡಿಸುತ್ತಾ ತಾವೇ ಎಣಿಸತೊಡಗಿದರು. ಒಂದು, ಎರಡು, ಮೂರು. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ನಾಲ್ಕು ಎಂದದ್ದು ಗಂಡಸಿನ ದನಿ. ಐದು. ಆರು. ಹತ್ತರವರೆಗೂ ಹೋಯಿತು.

ದೋಸೆ ಹೆಂಚಿನ ಮೇಲೆ ಸೀದುಹೋಯಿತು.

ಸಂತೋಷವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಅದರ ಹಿಂದೆಯೇ ಹೊಟ್ಟೆಯೊಳಗೆ ಚುರ್ ಎಂದಿತು. ಒಂದು ತಿಂಗಳಿಂದ ಮುಖಕ್ಕೆ ಮುಖ ಕೊಟ್ಟು "ನನ್ನ ಹೆಸರು ಹೇಳಿ, ನಾಗರತ್ನ ಅನ್ನಿ" ಎಂದು ಬೇಡಿಕೊಂಡವಳು ನಾನು. ನನಗೆ ಸಿಕ್ಕಿದ್ದು ಬರೀ ಹ್ಞೂಂ. ಯಾರೋ ಬಂದು ಬೆರಳು ಮಡಿಸಿದರೆ ಹತ್ತು ಮಾತು!

ಅಲ್ಲಿಂದ ಬುಧವಾರ ನಮ್ಮ ಮನೆಯಲ್ಲಿ ಹಬ್ಬ. ನನಗಲ್ಲ, ನಮ್ಮವರಿಗೆ. ಬೆಳಿಗ್ಗೆ ಎದ್ದ ಕೂಡಲೇ ಎಡಗೈಯಿಂದ ಕೆನ್ನೆ ಸವರಿ ತೋರಿಸುವರು, ಶೇವ್ ಮಾಡು ಎಂದು. ಹಳೇ ಶರ್ಟ್ ಹಾಕಹೋದರೆ ತಳ್ಳುವರು, ಇಸ್ತ್ರಿಯದೇ ಆಗಬೇಕು. ಮೂರನೇ ವಾರ ಟೀಚರ್ ಗೇಟು ತೆಗೆಯುತ್ತಿದ್ದ ಹಾಗೇ ಇವರು "ಟೀಚರ್" ಅಂದರು, ಸ್ಪಷ್ಟವಾಗಿ, ಸೊಟ್ಟ ಬಾಯಲ್ಲಿ ಅಷ್ಟಗಲ ನಗುತ್ತಾ. ಅಂಡು ತೊಳೆಯುವವಳು ನಾನು, ನಗು ಟೀಚರಿಗೆ. ಮೈಯೆಲ್ಲ ಉರಿದುಹೋಯಿತು.

ಸಣ್ಣತನವನ್ನು ಬರೆಯಲೇಬೇಕು, ಇಲ್ಲದಿದ್ದರೆ ಇದನ್ನು ಬರೆದು ಪ್ರಯೋಜನವಿಲ್ಲ. ಟೀಚರ್ ಪಾಠ ಮಾಡುವ ಹೊತ್ತಿಗೇ ಸರಿಯಾಗಿ ನಾನು ಮಿಕ್ಸಿ ಹಾಕುತ್ತಿದ್ದೆ. ಅವರ ಕಾಫಿಗೆ ಬೇಕೆಂದೇ ಸಕ್ಕರೆ ಕಡಿಮೆ ಮಾಡಿದೆ. ಅವರು ಕುಡಿದು, ತಮ್ಮಂಥ ಡಯಾಬಿಟಿಸ್ ಇರುವವರಿಗೆ ಇದೇ ಸರಿ ಎಂದು ಹೊಗಳಿದರು. ನನಗೆ ನಿಜವಾಗಿ ಉರಿಯುತ್ತಿದ್ದದ್ದು ಅವರು ಕಲಿಸುವುದಲ್ಲ. ಅವರು ಒಂದು ಗಂಟೆ ಇದ್ದು, ಚಪ್ಪಲಿ ಮೆಟ್ಟಿಕೊಂಡು, ನಿದ್ದೆ ಮಾಡಿದ ಮುಖದಲ್ಲಿ ಎದ್ದು ಹೋಗಬಲ್ಲರು ಎಂಬುದು. ಆ ಬಾಗಿಲು ದಾಟಿ ಹಾಗೆ ಹೋಗಬಲ್ಲ ಯಾರನ್ನು ಕಂಡರೂ ನನಗೆ ಆಗ ಹೊಟ್ಟೆಕಿಚ್ಚು.

ಮನೆಯವರ ಫೋಟೋ ಕೊಡಿ, ಹೆಸರು ಹೇಳಿಸೋಣ ಎಂದರು ಟೀಚರ್. ಕೊಟ್ಟೆ. ಆ ದಿನ ಮಿಕ್ಸಿ ಹಾಕಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತೆ. ಮಗಳು ರಶ್ಮಿಯ ಫೋಟೋ ತೋರಿಸಿದರು. ಇವರು ಅದನ್ನು ನೋಡಿ "ಪುಟ್ಟಿ" ಎಂದರು. ಮನೆಯಲ್ಲಿ ಅವಳನ್ನು ಕರೆಯುವುದೇ ಹಾಗೆ. ಆಮೇಲೆ ನನ್ನ ಫೋಟೋ. ತುಂಬ ಹೊತ್ತು ನೋಡಿದರು.

"ರಶ್ಮಿ" ಅಂದರು.

ಟೀಚರ್ ನಾ, ನಾಗ ಎಂದು ಎತ್ತಿಕೊಟ್ಟರು. ಇವರು ತಲೆಯಾಡಿಸಿ ಮತ್ತೆ ಅದನ್ನೇ ಅಂದರು. ಟೀಚರ್ ಪೆನ್ಸಿಲ್‌ನಿಂದ ನನ್ನ ಹೆಸರಿನ ಮುಂದೆ ತಪ್ಪು ಗುರುತು ಹಾಕಿದರು. ವಾರ ವಾರವೂ ಇದೇ. ಮಗಳ ಮುಂದೆ ರೈಟು, ನನ್ನ ಮುಂದೆ ಇಂಟು.

ಹೆತ್ತ ಮಗಳ ಮೇಲೆ ತಾಯಿಗೆ ಹೊಟ್ಟೆಕಿಚ್ಚಾಗುತ್ತದೆಯೇ? ಆಗುತ್ತದೆ. ರಶ್ಮಿ ಮದುವೆಯಾಗಿ ತುಮಕೂರಿನಲ್ಲಿದ್ದಾಳೆ, ಕೈಗೂಸಿನ ತಾಯಿ. ಇವರು ದಿನವಿಡೀ "ರಶ್ಮೀ, ರಶ್ಮೀ" ಎಂದು ಕೂಗತೊಡಗಿದರು. ಕೂಗಿದಾಗಲೆಲ್ಲ ನಾನು ಅವಳಿಗೆ ಫೋನ್ ಹಚ್ಚಿ ಇವರ ಕಿವಿಗೆ ಹಿಡಿಯುತ್ತಿದ್ದೆ. ಇವರು ಸಿಟ್ಟಿನಿಂದ ಫೋನ್ ತಳ್ಳುತ್ತಿದ್ದರು. ಫೋನ್ ಸಾಲದು, ಮಗಳೇ ಎದುರಿಗೆ ಬರಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಟೀಚರ್ ಬೇಕು, ಮಗಳು ಬೇಕು, ಈ ಮನೆಯಲ್ಲಿ ಬೇಡವಾದವಳು ನಾನೊಬ್ಬಳೇ ಎಂದು ಒಗೆಯುವ ಕಲ್ಲಿನ ಮುಂದೆ ಕೂತು ಅತ್ತೆ.

ಅದೇ ವಾರ ಹೊರಡುವಾಗ ಟೀಚರಿಗೆ ಇವರು "ಥ್ಯಾಂಕ್ಸ್" ಅಂದರು. ಟೀಚರ್ ಹೋದ ಮೇಲೆ ನಾನು ಸಂಸ್ಥೆಗೆ ಫೋನ್ ಮಾಡಿದೆ. ಈಗ ಇವರಿಗೆ ಎಷ್ಟೋ ವಾಸಿ, ಇನ್ನು ಬರುವುದು ಬೇಡ, ಹೆಚ್ಚು ಕಷ್ಟದಲ್ಲಿರುವವರ ಮನೆಗೆ ಹೋಗಲಿ ಎಂದೆ. ಜೇನು ಸುರಿಸಿದ ಹಾಗೆ ಹೇಳಿದೆ. ಅಲ್ಲಿದ್ದ ಹೆಂಗಸು ನನ್ನ ಮಾತು ನಂಬಿ, ಬಹಳ ಸಂತೋಷ, ಕಾಯುತ್ತಿರುವವರೂ ಇದ್ದಾರೆ ಎಂದರು. ನಾಚಿಕೆಯಾಯಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಬುಧವಾರ ಬಂತು. ಇವರು ಕೆನ್ನೆ ಸವರಿದರು. ಶೇವ್ ಮಾಡಿದೆ, ಇಸ್ತ್ರಿ ಶರ್ಟ್ ಹಾಕಿದೆ, ಜಗಲಿಯಲ್ಲಿ ಕೂರಿಸಿದೆ. ಹನ್ನೆರಡರವರೆಗೆ ಗೇಟನ್ನೇ ನೋಡುತ್ತಿದ್ದರು. ಟೀಚರಿಗೆ ಹುಷಾರಿಲ್ಲವಂತೆ ಎಂದೆ. ಎರಡನೇ ಬುಧವಾರವೂ ಹಾಗೇ. ಮೂರನೆಯದಕ್ಕೆ ಇವರು ಕೆನ್ನೆ ಸವರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು. ಅನ್ನ ಕಲಸಿ ಬಾಯಿಗಿಟ್ಟರೆ ಹಲ್ಲು ಕಚ್ಚಿಕೊಂಡರು.

"ರಶ್ಮಿ" ಎನ್ನುವುದನ್ನೂ ನಿಲ್ಲಿಸಿದರು.

ಆಗ ನಿಜವಾಗಿ ಹೆದರಿದೆ. ಡಾಕ್ಟರ್ ಹೇಳಿದ್ದ ಆ ಕೆಲವು ತಿಂಗಳಲ್ಲಿ ಮೂರು ವಾರವನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ. ಮೊದಲ ದಿನ ಎರಡು ಗಂಟೆ ಕಳೆದದ್ದು ಗೊತ್ತಿಲ್ಲದೆ. ಇದು ಗೊತ್ತಿದ್ದೂ.

ಪಕ್ಕದವರನ್ನು ಇವರ ಬಳಿ ಕೂರಿಸಿ ಬಸ್ಸು ಹತ್ತಿದೆ. ಟೀಚರ್ ಸಂಸ್ಥೆಯ ಮೇಜಿನ ಮುಂದೆ ಕೂತು ಚಿತ್ರದ ಕಾರ್ಡುಗಳನ್ನು ಕತ್ತರಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ನೆಪವೆಲ್ಲ ಅವರ ಮುಖ ನೋಡಿದ ಕೂಡಲೇ ಮರೆತುಹೋಯಿತು.

"ಸುಳ್ ಹೇಳ್ಬುಟ್ಟೆ ಟೀಚರ್. ಅವ್ರಿಗೇನೂ ವಾಸಿಯಾಗಿಲ್ಲ. ನಿಮ್ಮನ್ನ ಕಂಡ್ರೆ ಅವ್ರು ನಗ್ತಾರಲ್ಲ, ಅದು ನಂಗೆ ತಡಿಯಕ್ಕಾಗ್ಲಿಲ್ಲ ಕಣ್ರೀ."

ಟೀಚರ್ ಕತ್ತರಿ ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಬುಧವಾರ ಇನ್ನೊಂದು ಮನೆ ಒಪ್ಕೊಂಡಾಯ್ತು. ಅವರನ್ನ ಬಿಡೋಕಾಗಲ್ಲ. ಶುಕ್ರವಾರ ಬರ್ತೀನಿ. ಆದ್ರೆ ನೀವು ಅಡುಗೆಮನೇಲಿರಕೂಡದು, ನನ್ನ ಪಕ್ಕ ಕೂತ್ಕೋಬೇಕು" ಎಂದರು. ಒಪ್ಪಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಬುಧವಾರದ ಮನೆಯವರು ಯಾರಿರಬಹುದು ಎಂದು ಯೋಚಿಸಿ, ಅವರ ಮೇಲೂ ಹೊಟ್ಟೆ ಉರಿದುಕೊಂಡೆ.

ಇವರು ಅನ್ನ ಬಿಟ್ಟದ್ದು ಕೇಳಿ ರಶ್ಮಿಯೂ ಮಗುವನ್ನೆತ್ತಿಕೊಂಡು ಬಂದಿದ್ದಳು. ಶುಕ್ರವಾರ ಟೀಚರ್ ಬಂದರು. ಇವರು ನಗಲಿಲ್ಲ, ಮುನಿಸಿಕೊಂಡ ಮಗುವಿನ ಹಾಗೆ ಮುಖ ತಿರುಗಿಸಿ ಕೂತರು. ಎಣಿಸುವುದರಿಂದ ಮತ್ತೆ ಶುರು. ಏಳರ ಹೊತ್ತಿಗೆ ಇವರ ದನಿ ಸೇರಿಕೊಂಡಿತು. ನಾನು ಪಕ್ಕದಲ್ಲೇ ಇದ್ದೆ. ಟೀಚರ್ ಚೀಲದಿಂದ ಫೋಟೋ ತೆಗೆಯಲಿಲ್ಲ, ನನ್ನನ್ನೇ ತೋರಿಸಿ ಇವರು ಯಾರು ಎಂದು ಕೇಳಿದರು.

"ರಶ್ಮೀ."

ಮೂಲೆಯಲ್ಲಿ ಮಗುವಿನ ಬಟ್ಟೆ ಬದಲಿಸುತ್ತಿದ್ದ ಮಗಳು "ಏನಪ್ಪಾ?" ಎಂದಳು. ಇವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ನೊಣ ಓಡಿಸುವಂತೆ ಎಡಗೈಯನ್ನು ಅವಳ ಕಡೆ ಬೀಸಿದರು. ಅದೇ ಕೈಯನ್ನು ತಂದು ನನ್ನ ಮೊಣಕಾಲಿನ ಮೇಲೆ ತಟ್ಟಿದರು. "ರಶ್ಮೀ!"

ಮಗಳು ಮೊದಲು ನಕ್ಕಳು. ಆಮೇಲೆ ಅವಳ ಮುಖ ಬೇರೆಯಾಯಿತು.

"ಅಮ್ಮ, ಅಪ್ಪ ಕರೀತಿರೋದು ನಿನ್ನನ್ನ. ನಾನು ಚಿಕ್ಕೋಳಿದ್ದಾಗ್ಲೂ ಇಂಗೇ ಅಲ್ವಾ? ರಶ್ಮೀ ಅಂತ ಕೂಗೋರು. ನಾನು ಆಟ ಬಿಟ್ಟು ಓಡ್ಬಂದ್ರೆ, ನೀನಲ್ಲ ಕಣೇ ಪುಟ್ಟಿ, ನಿಮ್ಮಮ್ಮ ಅಂತಿದ್ರು. ನನ್ನನ್ನ ಯಾವತ್ತು ರಶ್ಮಿ ಅಂದವ್ರೆ?"

ನಮ್ಮ ಕಡೆ ಹೆಂಡತಿಯನ್ನು ಹೆಸರು ಹಿಡಿದು ಕೂಗುವ ರೂಢಿ ಇರಲಿಲ್ಲ, ಅದರಲ್ಲೂ ಅತ್ತೆ ಮಾವ ಇದ್ದ ಮನೆಯಲ್ಲಿ. ಮಗಳು ಹುಟ್ಟಿ ಹೆಸರಿಟ್ಟ ದಿನದಿಂದ ಆ ಹೆಸರು ನನ್ನದಾಗಿತ್ತು. ಅವಳ ಮದುವೆಯಾದ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಕೂಗಿ ಕರೆಯುವ ಅಗತ್ಯವೇ ಇಲ್ಲದೆ ಅದು ತಾನಾಗಿ ನಿಂತಿತ್ತು. ನಾನು ಮರೆತೇಬಿಟ್ಟಿದ್ದೆ. ಮೆದುಳು ಕೆಟ್ಟ ಮನುಷ್ಯ ನೆನಪಿಟ್ಟುಕೊಂಡಿದ್ದರು. ಎರಡು ತಿಂಗಳು ಅವರು ನನ್ನನ್ನು ಕೂಗಿದ್ದಾರೆ, ನಾನು ಪ್ರತಿ ಸಲವೂ ತುಮಕೂರಿಗೆ ಫೋನ್ ಹಚ್ಚಿದ್ದೇನೆ.

ಟೀಚರ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಿಗೆ ಹೋದರು. ಚೀಲದಿಂದ ರಬ್ಬರ್ ತೆಗೆದು ಒಂದೊಂದೇ ಇಂಟು ಗುರುತನ್ನು ಅಳಿಸಿ, ಅದೇ ಜಾಗದಲ್ಲಿ ರೈಟು ಹಾಕಿದರು. ಪುಡಿಯನ್ನು ಊದಿ, ಇನ್ನು ಮುಂದೆ ನಾಗರತ್ನ ಅಂತ ಕಲಿಸೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ.

ಈಗ ಇವರು ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಾರೆ. ಬಲಗೈ ಇನ್ನೂ ಬಂದಿಲ್ಲ, ಬರುತ್ತದೆ ಎಂದು ಡಾಕ್ಟರ್ ಮಾತು ಕೊಡುತ್ತಿಲ್ಲ. ಒಂದಷ್ಟು ಪದ ಬಂದಿವೆ. ಬಿಸಿನೀರಿಗೆ ಈಗಲೂ ಕೆಲವು ದಿನ ಚಪ್ಪಲಿ ಎನ್ನುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಸಂಸ್ಥೆಯ ಹೆಂಗಸೊಬ್ಬರು ಬಂದು ಕೂರುತ್ತಾರೆ, ನಾನು ಆ ಹೊತ್ತು ನಿದ್ದೆ ಮಾಡುತ್ತೇನೆ, ಇಲ್ಲವೇ ಕುಚ್ಚು ಹಾಕುತ್ತೇನೆ. ಅವರೆಲ್ಲರ ಋಣ ದೊಡ್ಡದು. ಹಾಗೆಂದು ನಾನೇನೂ ದೇವತೆಯಾಗಿಲ್ಲ. ಶುಕ್ರವಾರ ಟೀಚರನ್ನು ಕಂಡು ಇವರ ಮುಖ ಅರಳಿದರೆ ಈಗಲೂ ಒಳಗೆ ಸಣ್ಣಗೆ ಚುರ್ ಎನ್ನುತ್ತದೆ. ಟೀಚರ್ ಕಾಫಿಗೆ ಮಾತ್ರ ಅವರು ಕೇಳಿದಷ್ಟೇ ಸಕ್ಕರೆ ಹಾಕುತ್ತೇನೆ.

ಮೊನ್ನೆ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಿಂದ ಇವರು ಕೂಗಿದರು. "ರಶ್ಮೀ." ಹಿಂದಿನ ಹಾಗೇ, ಸ್ವಲ್ಪ ಗದರುವ ದನಿಯಲ್ಲಿ. ನೀರೋ ಪೇಪರೋ ಏನೋ ಬೇಕಿತ್ತು. ಸ್ಟೌವ್ ಸಣ್ಣ ಮಾಡಿದೆ. ಬಂದೆ ಎನ್ನಲು ಬಾಯಿ ತೆರೆದವಳು, ಓಗೊಡದೆ ಸುಮ್ಮನೆ ನಿಂತೆ.

ಇನ್ನೊಂದು ಸಲ ಕರೆಯಲಿ.