ಎಂಟು ಕೊಂಬಿನ ಮುಖ

ನನ್ನ ಸೋದರಮಾವನ ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಕೊಯಮತ್ತೂರಿನ ಹತ್ತಿರದ ತುಡಿಯಲೂರಿನ ನೂಲಿನ ಮಿಲ್ಲಿನಲ್ಲಿ ಅವನು ಫಿಟ್ಟರ್. ಯಂತ್ರಗಳ ಸದ್ದಿಗೆ ಕಿವಿ ಅರ್ಧ ಮಂದ. ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಆಫ್ರಿಕಾದ ಮಾಲಿ ದೇಶದ ಮಿಲ್ಲೊಂದಕ್ಕೆ ಹೋಗಿ ಬಂದ. ಬೇರೆಯವರು ಫಾರಿನ್ನಿನಿಂದ ಟೇಪ್ ರೆಕಾರ್ಡರ್ ತಂದರೆ ಈ ಪುಣ್ಯಾತ್ಮ ತಂದದ್ದು ಒಂದು ಮರದ ಮುಖವಾಡ. ಉದ್ದ ಮೂಗು, ಕೆನ್ನೆಗೆ ಕವಡೆ, ನೆತ್ತಿಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಎಂಟು ಕೊಂಬು. ಬಾಯಿ ಮಾತ್ರ ಇದ್ದೂ ಇಲ್ಲದಂತೆ. ಕಾರಮಡೈನ ನಮ್ಮ ಮನೆಯಲ್ಲಿ ಅಜ್ಜಿ ಅದನ್ನು ದೃಷ್ಟಿಬೊಂಬೆ ಎಂದುಕೊಂಡು ಬಾಗಿಲ ಮೇಲೆ ನೇತುಹಾಕಿಬಿಟ್ಟಳು. ಬಮಾನಾ ಎಂಬ ಜನ ತಮ್ಮ ಹುಡುಗರಿಗೆ ದೊಡ್ಡವರಾಗುವ ಮೊದಲ ಪಾಠ ಕಲಿಸುವಾಗ ಅದನ್ನು ಹಾಕಿಕೊಳ್ಳುತ್ತಾರಂತೆ.

“ಬಾಯಿ ಯಾಕೆ ಸಣ್ಣದು ಗೊತ್ತಾ ಅಮ್ಮಿಣಿ? ನೋವಾದ್ರೂ ನಾಲಿಗೆ ಹಿಡೀಬೇಕು ಅಂತ,” ಎಂದು ಮಾವ ನನಗೆ ಕೂಗಿ ಹೇಳಿದ್ದ.

ಎಂಟನೇ ಕ್ಲಾಸಿನಲ್ಲಿ ನಾನು ಮೈನೆರೆದೆ. ಇನ್ನು ಪಳ್ಳಿಕೂಡದ ಓದು ಸಾಕು, ಮಗ್ಗಕ್ಕೆ ಕೂರಲಿ ಎಂದು ಅಪ್ಪ ತೀರ್ಮಾನಿಸಿದರು. ತೆಂಗಿನ ಗರಿಯ ಮರೆಯಲ್ಲಿ ಕೂತು ದಿನವೂ ಅಳುತ್ತಿದ್ದೆ. ಅರಿಶಿನ ನೀರೆರೆಯುವ ದಿನ ಮಾವ ಸೀರೆಯ ತಟ್ಟೆ ಹಿಡಿದು ಬಂದ. ನಮ್ಮಲ್ಲಿ ಮಾವ ತಂದ ಸೀರೆ ಉಟ್ಟ ಮೇಲೆಯೇ ಹುಡುಗಿಯನ್ನು ಒಳಗೆ ಕರೆದುಕೊಳ್ಳುವುದು. ಅವನು ತಟ್ಟೆಯನ್ನು ಕೊಡಲೇ ಇಲ್ಲ.

“ಬಾವ, ಈ ಮುಖವಾಡದ ಊರಲ್ಲಿ ದೊಡ್ಡವರಾದ್ರೆ ಮುಂದಿನ ಪಳ್ಳಿಕೂಡಕ್ಕೆ ಕಳಿಸ್ತಾರೆ. ನೀವು ಇರೋ ಪಳ್ಳಿಕೂಡಾನೂ ಬಿಡಿಸ್ತೀರಲ್ಲ.”

“ಅದು ಗಂಡ್ ಮಕ್ಳಿಗೆ ತಾನೆ?” ಎಂದರು ಅಪ್ಪ.

“ಗಂಡ್ ಮಕ್ಳಿಗೇ. ಆದ್ರೆ ಅವ್ರಿಗೆ ಪಾಠ ಹೇಳೋ ಮುಖ ನೋಡಿ, ಕೊಂಬು ಎಣಿಸಿ. ಮೂರೋ ಆರೋ ಇದ್ರೆ ಗಂಡು. ಎಂಟಿದ್ರೆ ಹೆಣ್ಣು.”

ನೆಂಟರೆಲ್ಲ ಬಾಗಿಲ ಕಡೆ ತಿರುಗಿದರು. ಅಜ್ಜಿಯಂತೂ ಬೆರಳು ಮಡಿಸಿ ಎಣಿಸಿಯೇಬಿಟ್ಟಳು. ಅತ್ತ ಮುಹೂರ್ತ ಮೀರುತ್ತಿತ್ತು.

“ಸರಿಪ್ಪಾ, ಓದ್ಲಿ. ಸೀರೆ ಕೊಡು,” ಎಂದರು ಅಪ್ಪ, ಮುಖ ಗಂಟಿಕ್ಕಿಕೊಂಡೇ.

ಹಾಗೆ ಓದಿದೆ. ನನ್ನ ಬದುಕಿನಲ್ಲಿ ಆಮೇಲೆ ಬಂದ ಒಳ್ಳೆಯದೆಲ್ಲ ಅವನು ಆ ತಟ್ಟೆಯನ್ನು ಬಿಡದೆ ಹಿಡಿದದ್ದರಿಂದ ಬಂತು. ಇದನ್ನು ಅವನಿಗೆ ಹೇಳಲು ಹೋದರೆ, “ಕೇಳಿಸ್ಲಿಲ್ಲ” ಎಂದು ಕಿವಿ ತೋರಿಸಿ ನಗುತ್ತಿದ್ದ.

ಕೊಯಮತ್ತೂರಿನಲ್ಲಿ ನಾನು ಡಿಗ್ರಿಯ ಕೊನೆಯ ಪರೀಕ್ಷೆಗಳನ್ನು ಬರೆಯುತ್ತಿದ್ದಾಗ ಮಾವ ತೀರಿಕೊಂಡ. ಪರೀಕ್ಷೆ ಮುಗಿಯುವವರೆಗೆ ಅಮ್ಮಿಣಿಗೆ ಹೇಳಬೇಡಿ ಎಂದು ಆಸ್ಪತ್ರೆಯಲ್ಲಿ ಕೇಳಿಕೊಂಡಿದ್ದನಂತೆ. ಕೊನೆಯ ಪರೀಕ್ಷೆ ಬರೆದು ಬಂದಾಗ ಹಾಸ್ಟೆಲಿನ ಗೇಟಿನಲ್ಲಿ ಅಪ್ಪ ನಿಂತಿದ್ದರು. “ಚೆನ್ನಾಗಿ ಬರೆದ್ಯಾ?” ಎಂದು ಮೊದಲು ಕೇಳಿದರು. ನಾನು ಹೂಂ ಎಂದ ಮೇಲೆ ಗೋಡೆಗೆ ತಿರುಗಿ ಅತ್ತರು.